ಶೋಕೇಸಿನ ಗೊಂಬೆಗೆ ರೇಟ್ ಎಷ್ಟು?

ನಮ್ಮ ತಲೆಮಾರಿಗೆ ಒಂದು ವಿಚಿತ್ರ ಹವ್ಯಾಸ ಇದೆ: ಕೊಳ್ಳೋಕೆ ಆಗದ ಮನೆಗಳನ್ನ ನೋಡೋದು. ರಾತ್ರಿ ಹನ್ನೊಂದಕ್ಕೆ ಆಫೀಸ್ ಲ್ಯಾಪ್‌ಟಾಪ್ ಮುಚ್ಚಿ, ಹಾಸಿಗೆ ಮೇಲೆ ಬಿದ್ಕೊಂಡು, ಮ್ಯಾಜಿಕ್‌ಬ್ರಿಕ್ಸೋ ಓಎಲ್‌ಎಕ್ಸೋ ತೆರೆದು ಫೋಟೊ ಸರಿಸ್ತಾ ಹೋಗ್ತೀವಿ. ಬೆಂಗಳೂರಿನ ಫ್ಲಾಟ್‌ಗಳು ಎರಡೇ ನಿಮಿಷಕ್ಕೆ ಬೋರ್. ಎಲ್ಲ ಕಡೆ ಅದೇ ಬೂದು ಸೋಫಾ, ಅದೇ ಮಾಡ್ಯುಲರ್ ಕಿಚನ್. ಮಜಾ ಇರೋದು ಭದ್ರಾವತಿ, ಶಿವಮೊಗ್ಗದಂಥ ಊರುಗಳ ಹಳೇ ಮನೆಗಳಲ್ಲಿ.

ಹಾಲ್‌ನ ಒಂದು ಗೋಡೆ ಪೂರ್ತಿ ಸ್ವಿಟ್ಜರ್‌ಲೆಂಡಿನ ಜಲಪಾತದ ಪೋಸ್ಟರ್. ಕಿಟಕಿ ಗ್ರಿಲ್‌ನಲ್ಲಿ ನವಿಲು. ಅಡುಗೆಮನೆ ಬಾಗಿಲಿಗೆ ಮಣಿ ಪರದೆ. ಶೋಕೇಸಿನೊಳಗೆ ಕ್ರೋಶಾ ಫ್ರಾಕ್ ತೊಟ್ಟ ಗೊಂಬೆ, ಅದರ ಪಕ್ಕ ಮಕ್ಕಳ ಓಟದ ಕಪ್, ಮೇಲ್ಗಡೆ ಪ್ಲಾಸ್ಟಿಕ್ ಗುಲಾಬಿ. ಮಾರೋರು ಏನನ್ನೂ ಎತ್ತಿಟ್ಟಿಲ್ಲ. ಹೇಗಿತ್ತೋ ಹಾಗೇ ಫೋಟೊ ತೆಗೆದಿದ್ದಾರೆ. ನಾವು ಸ್ಕ್ರೀನ್‌ಶಾಟ್ ಹೊಡೆದು ಫ್ರೆಂಡ್ಸ್ ಗ್ರೂಪಿಗೆ ಹಾಕ್ತೀವಿ. ಒಂದು ನಗುವ ಎಮೋಜಿ, ಒಂದು ಹಾರ್ಟ್. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಝಿಲೋ ಗಾನ್ ವೈಲ್ಡ್ ಅನ್ನೋ ಇನ್‌ಸ್ಟಾಗ್ರಾಂ ಪುಟ 2020ರಲ್ಲಿ ಶುರುವಾಗಿ, 2024ರ ಹೊತ್ತಿಗೆ ಅದೇ ಹೆಸರಿನ ಟಿವಿ ಶೋ ಕೂಡ ಬಂತು.

ಆ ನಗು, ಆ ಹಾರ್ಟ್ ಎರಡೂ ಒಟ್ಟಿಗೆ ಬರ್ತವಲ್ಲ, ಅದು ಏನು? ಪ್ರೀತಿನಾ, ಗೇಲಿನಾ?

‘ಅವರೇ ಜಾಹೀರಾತು ಹಾಕಿದ್ದಾರೆ, ನೋಡಿ ನಕ್ಕರೆ ಯಾರಿಗೇನು ನಷ್ಟ’ ಅನ್ನಬಹುದು. ‘ಬಡವರ, ಮಧ್ಯಮವರ್ಗದವರ ಅಭಿರುಚಿಯನ್ನ ಆಡಿಕೊಳ್ಳೋದು ತಪ್ಪು’ ಅಂತ ಗದರಲೂಬಹುದು. ಎರಡೂ ಅರ್ಧಂಬರ್ಧ ಉತ್ತರ. ಯಾಕಂದ್ರೆ ನಮಗೆ ಆ ಮನೆ ನಿಜವಾಗಿ ಇಷ್ಟ ಆಗಿರುತ್ತೆ. ಮುಂದೆ ಮಾರುವಾಗ ರೇಟ್ ಬರುತ್ತೋ ಇಲ್ಲವೋ ಅಂತ ಲೆಕ್ಕ ಹಾಕದೆ, ‘ನಂಗೆ ನವಿಲು ಬೇಕು’ ಅಂತ ಯಾರೋ ವೆಲ್ಡಿಂಗ್ ಅಂಗಡೀಲಿ ನಿಂತು ಹೇಳಿದ್ದಾರೆ. ನಮ್ಮ ಮನೆಗಳಲ್ಲಿ ಇಲ್ಲದ್ದು ಆ ಧೈರ್ಯವೇ. ಬಾಡಿಗೆ ಮನೇಲಿ ಒಂದು ಮೊಳೆ ಹೊಡೆಯೋಕೂ ಓನರ್‌ನ ಕೇಳಬೇಕು ನಾವು.

ಮೊಳೆ ಅಂದಾಗ ಭದ್ರಾವತಿ ವಿಷಯಕ್ಕೆ ಬರಬೇಕು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಇಲ್ಲಿ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಇವತ್ತು ವಿಐಎಸ್‌ಎಲ್ ಅಂತೀವಲ್ಲ, ಅದೇ. 1936ರಲ್ಲಿ ಎಂಪಿಎಂ, ಅಂದ್ರೆ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆ ಆಯ್ತು. ಎರಡರ ಸುತ್ತ ನ್ಯೂ ಟೌನ್, ಪೇಪರ್ ಟೌನ್ ಅಂತ ಊರಿಗೆ ಊರೇ ಬೆಳೀತು. ಸಾವಿರಾರು ಕುಟುಂಬಗಳು ಕ್ವಾರ್ಟರ್ಸ್‌ನಲ್ಲಿ ಬದುಕಿದವು. ಸಾಲಾಗಿ ಒಂದೇ ಥರದ ಮನೆಗಳು, ಒಂದೇ ಥರದ ಬಾಗಿಲು, ಕಂಪನಿ ಬಳಿದ ಸುಣ್ಣ. ಗೋಡೆ ಒಡೆಯೋ ಹಾಗಿಲ್ಲ, ಕಿಟಕಿ ಬದಲಿಸೋ ಹಾಗಿಲ್ಲ. ನೌಕರಿ ಮುಗಿದ್ರೆ ಮನೆಯೂ ಬಿಡಬೇಕು.

ಅಂಥ ಮನೇಲಿ ‘ಇದು ನನ್ನದು’ ಅಂತ ಹೇಳೋಕೆ ಉಳಿಯೋದು ಏನು? ಪರದೆ, ಟಿವಿ ಮೇಲಿನ ಬಟ್ಟೆ, ಶೋಕೇಸಿನ ಗೊಂಬೆ. ಇನ್ನು ಮೂವತ್ತು ವರ್ಷ ಪಾಳಿ ದುಡಿದು, ಪಿಎಫ್ ದುಡ್ಡಲ್ಲಿ ಜನ್ನಾಪುರದಲ್ಲೋ ಹೊಸಮನೆಯಲ್ಲೋ 30×40 ಸೈಟಿನಲ್ಲಿ ಸ್ವಂತ ಮನೆ ಕಟ್ಟಿಸಿದ್ರೆ? ಅಷ್ಟು ವರ್ಷ ಮುಂದಕ್ಕೆ ಹಾಕಿದ್ದ ಆಸೆಗಳೆಲ್ಲ ಒಂದೇ ಸಲ ಗೋಡೆಗೆ ಬರ್ತವೆ. ಗುಲಾಬಿ ಬಣ್ಣದ ಹಾಲು, ಗೇಟಿನ ಮೇಲೆ ಸಿಂಹ, ಗ್ರಿಲ್‌ನಲ್ಲಿ ನವಿಲು. ನಮ್ಮ ಕಣ್ಣಿಗೆ ‘ಕ್ವರ್ಕಿ’ ಅನಿಸೋದು ಅವರಿಗೆ ಮೂವತ್ತು ವರ್ಷ ಕಾದ ಬಾಕಿ ವಸೂಲಿ.

ನೆಲದ ಕಥೆಯೂ ಹಾಗೇ. ರೆಡ್ ಆಕ್ಸೈಡ್ ನೆಲ ಅಂದ್ರೆ ನಾವೆಲ್ಲ ಕರಗಿಹೋಗ್ತೀವಿ. ಆ ಕೆಂಪು ಪುಡಿ ಕಬ್ಬಿಣದ ಆಕ್ಸೈಡ್, ಸರಳವಾಗಿ ಹೇಳಿದ್ರೆ ತುಕ್ಕಿನ ಬಳಗ. ಕಬ್ಬಿಣದ ಊರಿಗೆ ತಕ್ಕ ನೆಲವೇ. ಸಿಮೆಂಟಿಗೆ ಅದನ್ನ ಬೆರೆಸಿ, ಕರಣೆಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿ, ದಿನಗಟ್ಟಲೆ ನೀರುಣಿಸಿ ಬಿಡ್ತಾರೆ. ಆದ್ರೆ ಫೋಟೊದಲ್ಲಿ ಕಾಣೋ ಆ ಕನ್ನಡಿಯಂಥ ಹೊಳಪು ಮೇಸ್ತ್ರಿ ಒಬ್ಬನದ್ದೇ ಅಲ್ಲ. ವರ್ಷಾನುಗಟ್ಟಲೆ ಯಾರೋ ಮಂಡಿಯೂರಿ ಒರೆಸಿದ್ದಾರೆ. ಯಾರು ಅಂತ ಹೇಳಬೇಕಾಗಿಲ್ಲ, ನಿಮಗೇ ಗೊತ್ತು.

ಈಗ ಅದೇ ಜಾಹೀರಾತಿನ ಕೆಳಗಡೆ ಇರೋ ಸಾಲು ಓದಿ: ‘ಹಳೇ ಮನೆ, ಸೈಟ್ ರೇಟ್ ಮಾತ್ರ.’ ಕಟ್ಟಡಕ್ಕೆ ಬೆಲೆ ಸೊನ್ನೆ. ಬೆಂಗಳೂರಿನ ಕೆಫೆಯಲ್ಲಿ ಅಂಥದ್ದೇ ಕೆಂಪು ನೆಲ ಇದ್ರೆ ಕಾಫಿಗೆ ಮುನ್ನೂರು ಕೊಡ್ತೀವಿ. ಇಲ್ಲಿ ಅದು ಒಡೆದು ಸಾಗಿಸಬೇಕಾದ ಕಸ, ಕೊಳ್ಳೋನು ಅದರ ಖರ್ಚನ್ನೂ ರೇಟಿನಲ್ಲಿ ಮುರ್ಕೋತಾನೆ. ಹಳತರಲ್ಲೂ ಜಾತಿ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ನೆಲಸಮ ಆಗ್ತಿದ್ದ ಮನೆಗಳನ್ನ ಬಿಚ್ಚಿ ತಂದು, ಮತ್ತೆ ಜೋಡಿಸಿ, ಹೆರಿಟೇಜ್ ವಿಲೇಜ್ ಕಟ್ಟಿದ್ರು. ಹಳತನ್ನ ಪ್ರೀತಿಸಿ ಅದರ ಭಾರವನ್ನೂ ಹೊತ್ತವರು ಅವರು. ಕೆತ್ತನೆಯ ಮರದ ಕಂಬಗಳಿಗೆ ಹಾಗೆ ಒಬ್ಬರು ಸಿಕ್ಕರು. ಸನ್‌ಮೈಕಾ ಶೋಕೇಸಿಗೆ, ನವಿಲಿನ ಗ್ರಿಲ್‌ಗೆ ಯಾರು ಸಿಗ್ತಾರೆ?

ಹಾಗಂತ ಎಲ್ಲ ಉಳಿಸೋಣ ಅಂತ ನಾನು ಹೇಳ್ತಿಲ್ಲ. ಇಲ್ಲೇ ಇರೋದು ಕಷ್ಟದ ಪ್ರಶ್ನೆ. ಭದ್ರಾವತಿಯಂಥ ಊರಿಂದ ಬಂದು ಬೆಂಗಳೂರಲ್ಲಿ ನೆಲೆಸಿದ ಮಗಳು ಹಬ್ಬಕ್ಕೆ ಮನೆಗೆ ಹೋಗ್ತಾಳೆ ಅಂತಿಟ್ಕೊಳ್ಳಿ. ಅಮ್ಮ ಹೇಳ್ತಾರೆ, ‘ಈ ನೆಲ ತೆಗೆಸಿ ಟೈಲ್ಸ್ ಹಾಕಿಸ್ಬೇಕು ಕಣೇ, ಒರೆಸಿ ಒರೆಸಿ ಸಾಕಾಗಿದೆ.’ ಮಗಳು ಗಾಬರಿಯಾಗ್ತಾಳೆ: ‘ಅಯ್ಯೋ ಅಮ್ಮಾ, ಬೇಡ! ಇದೆಲ್ಲ ಈಗ ಎಷ್ಟು ಟ್ರೆಂಡ್ ಗೊತ್ತಾ?’ ಅಮ್ಮ ಸುಮ್ಮನಾಗ್ತಾರೆ. ನೆಲ ಉಳಿಯುತ್ತೆ. ಮಗಳು ಒಂದು ರೀಲ್ ಮಾಡ್ಕೊಂಡು ಭಾನುವಾರ ರಾತ್ರಿ ಬಸ್ ಹತ್ತುತ್ತಾಳೆ. ಸೋಮವಾರ ಬೆಳಿಗ್ಗೆ ಒರೆಸೋರು ಅಮ್ಮನೇ.

ನನ್ನ ಪ್ರಕಾರ ನೈತಿಕ ತಪ್ಪು ನಡೆಯೋದು ಸ್ಕ್ರೀನ್‌ಶಾಟ್‌ನ ನಗುವಿನಲ್ಲಲ್ಲ, ಈ ‘ಬೇಡ’ದಲ್ಲಿ. ಆ ಮನೆ ನಮಗೆ ಮುದ್ದಾಗಿ ಕಂಡಿದ್ದು ಯಾಕೆ? ಅದನ್ನ ಕಟ್ಟಿದವರು ಯಾರ ಅಭಿರುಚಿಯನ್ನೂ ಕೇಳದೆ ತಮಗೆ ಬೇಕಾದ್ದು ಮಾಡಿದ್ರು, ಅದಕ್ಕೆ. ಈಗ ಅದೇ ವ್ಯಕ್ತಿ ತನಗೆ ಹೊಳೆಯೋ ವಿಟ್ರಿಫೈಡ್ ಟೈಲ್ಸ್ ಬೇಕು ಅಂದಾಗ ನಮ್ಮ ಅಭಿರುಚಿಯನ್ನ ಅವರ ಮೇಲೆ ಹೇರಿದ್ರೆ, ಆ ಮನೆಯಲ್ಲಿ ನಾವು ಮೆಚ್ಚಿದ್ದನ್ನೇ ಕೊಂದ ಹಾಗೆ. ಸ್ವಿಟ್ಜರ್‌ಲೆಂಡ್ ಪೋಸ್ಟರ್ ಅಂಟಿಸಿದ ಮನಸ್ಸೂ ಟೈಲ್ಸ್ ಕೇಳೋ ಮನಸ್ಸೂ ಒಂದೇ. ಮೊದಲನೆಯದು ಹಳೇದಾಗಿದೆ ಅಂತ ಚೆಂದ, ಎರಡನೆಯದು ಹೊಸದು ಅಂತ ಕೆಟ್ಟ ಅಭಿರುಚಿ ಅನ್ನೋದು ನ್ಯಾಯ ಅಲ್ಲ.

‘ಎಲ್ಲರೂ ಟೈಲ್ಸ್ ಹಾಕಿಸಿದ್ರೆ ಎಲ್ಲ ಮನೆಯೂ ಒಂದೇ ಥರ ಆಗುತ್ತಲ್ಲ’ ಅಂತ ನೀವು ಕೇಳಬಹುದು. ಹೌದು, ಆಗುತ್ತೆ. ಅದು ನಷ್ಟವೇ. ಆದ್ರೆ ಆ ನಷ್ಟ ತಡೀಬೇಕು ಅನ್ನೋರು ಅದರ ಖರ್ಚನ್ನೂ ಹೊರಬೇಕು. ನೆಲ ಉಳೀಬೇಕು ಅಂದ್ರೆ ಒರೆಸೋಕೆ ಜನ ಇಡಿ, ಬಿರುಕಿಗೆ ಮೇಸ್ತ್ರಿ ಹುಡುಕಿ, ಇಲ್ಲಾ ನೀವೇ ಬಂದು ಇರಿ. ಅದು ಆಗಲ್ಲ ಅಂದ್ರೆ ಒಂದು ಫೋಟೊ ತೆಗೆದಿಟ್ಕೊಂಡು ಟೈಲ್ಸ್ ಅಂಗಡಿಗೆ ಅಮ್ಮನ ಜೊತೆ ಹೋಗಿ.

ಎಂಪಿಎಂನಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ವಿಐಎಸ್‌ಎಲ್ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಬಂದು, ಊರು ಬೀದಿಗಿಳಿದು ಹೋರಾಡಿತು. ಮಕ್ಕಳು ಹೊರಗೆ, ಅಪ್ಪ ಅಮ್ಮಂದಿರಿಗೆ ವಯಸ್ಸಾಗ್ತಿದೆ. ಆ ಊರಿನ ಜಾಹೀರಾತುಗಳಲ್ಲಿ ಮುಂದೆ ಇನ್ನೂ ಎಷ್ಟೋ ಶೋಕೇಸುಗಳು ಬರ್ತವೆ, ಕೆಲವು ನಮ್ಮದೇ ಮನೆಯವು ಆಗಿರ್ತವೆ. ಆವಾಗ ಬ್ರೋಕರ್ ಹಾಲ್‌ನಲ್ಲಿ ನಿಂತು ‘ಕಟ್ಟಡಕ್ಕೆ ವ್ಯಾಲ್ಯೂ ಇಲ್ಲ ಸಾರ್’ ಅಂತ ಅಪ್ಪನ ಎದುರಿಗೇ ಹೇಳ್ತಾನೆ. ಅದು ಮಾರ್ಕೆಟ್ ಲೆಕ್ಕ, ವಾದ ಮಾಡಿ ಗೆಲ್ಲೋಕೆ ಆಗಲ್ಲ. ಆದ್ರೆ ಅದಕ್ಕೆ ಮುಂಚೆ ಒಂದು ಸಂಜೆ ಬಿಡುವು ಮಾಡ್ಕೊಂಡು, ನವಿಲು ಯಾಕೆ, ಆ ಗೊಂಬೆ ಎಲ್ಲಿಂದ ಬಂತು, ಗುಲಾಬಿ ಬಣ್ಣ ಆರಿಸಿದ್ದು ಯಾರು ಅಂತ ಅವರನ್ನೇ ಕೇಳಬಹುದು. ಗೊಂಬೆ ಪೆಟ್ಟಿಗೆಗೆ ಹೋಗಬೇಕಾ, ಫೋಟೊದಲ್ಲಿ ಇರಬೇಕಾ ಅನ್ನೋದನ್ನೂ ಅವರೇ ಹೇಳಲಿ.