ಒಂಬತ್ತು ಜನರ ಸಭೆ

ನನಗೊಂದು ಹುಚ್ಚಿದೆ: ಲೆಗೋದಲ್ಲಿ ಅಂಗೈಯಲ್ಲಿ ಹಿಡಿಸುವಂಥ ಕಟ್ಟಡ ಕಟ್ಟೋದು. ಮೈಕ್ರೋಸ್ಕೇಲ್ ಅಂತಾರೆ. ಒಂದೇ ಗುಬುಟಿರುವ ತೆಳು ತುಂಡು 8 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ಎತ್ತರ. ಇಲ್ಲಿ ಅದೇ ಒಂದು ಇಡೀ ಮಹಡಿ! ದೊಡ್ಡ ಮಾದರಿಯಲ್ಲಿ ಒಂದು ತುಂಡು ಹೋದರೆ ಯಾರಿಗೂ ಗೊತ್ತಾಗಲ್ಲ. ಇಲ್ಲಿ ಹೋದರೆ ಗೋಪುರವೇ ಇಲ್ಲ.

ಕಳೆದ ತಿಂಗಳು ಉಪವಾಸ ಪ್ರಾರ್ಥನೆಗೆ ಬಂದವರು ಒಂಬತ್ತೇ ಜನ. ಸಭೆ ಮುಚ್ಚಿಬಿಡೋಣ ಅಂತ ಹೆಂಡತಿ ಹತ್ರ ಹೇಳಿದ್ದೆ, ಸುಳ್ಳು ಯಾಕೆ ಹೇಳಲಿ. ಎಜ್ರ 3ನೇ ಅಧ್ಯಾಯ ನೋಡಿ. ಮೊದಲಿನ ಆಲಯ ಕಂಡಿದ್ದ ವೃದ್ಧರು ಹೊಸ ಅಸ್ತಿವಾರ ನೋಡಿ ಅತ್ತರು. ನಾನೂ ಅವರ ಜೊತೆ ನಿಂತು ಅಳ್ತಿದ್ದೆ. ಆದರೆ ಜೆಕರ್ಯ 4ರಲ್ಲಿ ಕರ್ತನು, ಸಣ್ಣ ಆರಂಭವನ್ನು ಹೀನವಾಗಿ ಕಂಡವರನ್ನೇ ಪ್ರಶ್ನೆ ಮಾಡ್ತಾನೆ.

ಆ ಒಂಬತ್ತು ಹೆಸರು ಬರೆದ ಚೀಟಿ ಈಗ ನನ್ನ ಜೇಬಲ್ಲಿದೆ. ಈ ವಾರ ಒಬ್ಬೊಬ್ಬರ ಮನೆಗೂ ಹೋಗ್ತೀನಿ.