ಇಳಿಸಲೇಬೇಕಾದ ಭಾರ

1970ರ ಮಾರ್ಚ್ 18ರಂದು ಮಿನ್ಸ್ಕ್ ನಗರದಲ್ಲಿ ಸೋವಿಯತ್ ವೇಟ್‌ಲಿಫ್ಟರ್ ವಸೀಲಿ ಅಲೆಕ್ಸೆಯೆವ್ ಪ್ರೆಸ್, ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎಂಬ ಮೂರು ಬಗೆಯ ಎತ್ತುಗಳಲ್ಲಿ ಎತ್ತಿದ್ದನ್ನು ಕೂಡಿಸಿದಾಗ 600 ಕೆ.ಜಿ. ಆಯಿತು. ಮನುಷ್ಯರಾರೂ ಅದುವರೆಗೆ ಮುಟ್ಟದ ಗಡಿ ಅದು. ರ್ಯಾಜಾನ್ ಪ್ರಾಂತ್ಯದ ಹಳ್ಳಿಯಲ್ಲಿ ಹುಟ್ಟಿ, ಶಾಖ್ತಿ ಎಂಬ ಗಣಿ ಪಟ್ಟಣದಲ್ಲಿ ನೆಲೆ ನಿಂತ ಅವರಿಗೆ ಆಗ 28 ವರ್ಷ. ಅಲ್ಲಿಂದ 1977ರವರೆಗೆ ಸೋಲೆಂಬುದೇ ಇರಲಿಲ್ಲ. ಎಂಟು ವಿಶ್ವ ಪ್ರಶಸ್ತಿ, ಮ್ಯೂನಿಕ್ ಮತ್ತು ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಚಿನ್ನ, ಒಟ್ಟು 80 ವಿಶ್ವದಾಖಲೆ.

ಭಾರ ಎತ್ತುವ ಈ ಆಟದ ಒಂದು ನಿಯಮ ನನ್ನನ್ನು ಬಹಳ ಕಾಡಿದೆ. ಬಾರ್ ತಲೆಯ ಮೇಲೇರಿದ ಮೇಲೆ ಕೈಕಾಲು ಅಲುಗಾಡದೆ ನಿಲ್ಲಬೇಕು. ತೀರ್ಪುಗಾರರು ಸೂಚನೆ ಕೊಟ್ಟೊಡನೆ ಇಳಿಸಬೇಕು. ಸೂಚನೆಗೆ ಮೊದಲೇ ಕೈಬಿಟ್ಟರೆ ಎತ್ತಿದ್ದು ಲೆಕ್ಕಕ್ಕಿಲ್ಲ, ಸೂಚನೆಯ ಮೇಲೂ ಹಿಡಿದು ನಿಂತರೆ ಒಂದು ಗ್ರಾಮೂ ಹೆಚ್ಚು ಸಿಗದು. ವರ್ಷಗಟ್ಟಲೆ ದುಡಿದ ಮೈ ಬೇಡುವುದು ಆ ಒಂದೆರಡು ಕ್ಷಣದ ನಿಶ್ಚಲತೆಯನ್ನು. ಅದು ಸಿಕ್ಕಿದ ಗಳಿಗೆಯಲ್ಲೇ ಅದನ್ನು ಬಿಟ್ಟುಕೊಡಬೇಕು.

ಅನಿತ್ಯವೆಂದರೆ ನಮಗೆ ಥಟ್ಟನೆ ನೆನಪಾಗುವುದು ದೇಹ. ತೋಳು ಸೋಲುತ್ತದೆ, ಮಂಡಿ ಸವೆಯುತ್ತದೆ, ಆದರೆ ಮಾಡಿದ ದಾಖಲೆ ಉಳಿಯುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಅಲೆಕ್ಸೆಯೆವ್ ಬದುಕು ಆ ಸಮಾಧಾನಕ್ಕೂ ಎಡೆ ಕೊಡುವುದಿಲ್ಲ. ಮೂರು ಎತ್ತುಗಳ ಮೊತ್ತವನ್ನು ಅವರು 645 ಕೆ.ಜಿ.ವರೆಗೆ ಒಯ್ದರು. 1972ರ ಒಲಿಂಪಿಕ್ಸ್ ಮುಗಿದ ಮೇಲೆ ಪ್ರೆಸ್ಸನ್ನೇ ಕೈಬಿಡಲಾಯಿತು. ಸ್ಪರ್ಧಿಗಳು ವಿಪರೀತ ಹಿಂದಕ್ಕೆ ಬಾಗಿ ಎತ್ತುತ್ತಿದ್ದರು, ಯಾವುದು ಸರಿ ಯಾವುದು ತಪ್ಪೆಂದು ಹೇಳುವುದೇ ತೀರ್ಪುಗಾರರಿಗೆ ಕಷ್ಟವಾಗಿತ್ತು. ಹೀಗೆ 645ನ್ನು ಯಾರೂ ಮುರಿಯಲಿಲ್ಲ, ಇನ್ನು ಮುರಿಯುವವರೂ ಇಲ್ಲ. ಮುರಿಯಬೇಕಾದ ಸ್ಪರ್ಧೆಯೇ ಇಲ್ಲವಾಯಿತು. 1993, 1998, 2018ರಲ್ಲಿ ದೇಹತೂಕದ ವಿಭಾಗಗಳು ಬದಲಾದಾಗಲೆಲ್ಲ ಹಳೆಯ ದಾಖಲೆಗಳನ್ನು ಬದಿಗಿಟ್ಟು ಹೊಸ ಪಟ್ಟಿ ಶುರುಮಾಡಿದರು. ಅಳೆಯಿಸಿಕೊಂಡವನಿಗೆ ಮಾತ್ರವಲ್ಲ, ಅಳತೆಗೋಲಿಗೂ ಮುಪ್ಪು ಬರುತ್ತದೆ. ಇದು ನನಗೆ ದೇಹದ ಮುಪ್ಪಿಗಿಂತ ಆಳವಾದ ಸತ್ಯವಾಗಿ ಕಾಣುತ್ತದೆ. ಅವರು ಯಾವ ದೇಶಕ್ಕಾಗಿ ಎತ್ತಿದರೋ ಆ ಸೋವಿಯತ್ ಒಕ್ಕೂಟವೂ ಉಳಿಯಲಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಅವರು ತರಬೇತುದಾರರಾಗಿ ಹೋದದ್ದು, ಆ ಒಕ್ಕೂಟ ಒಡೆದ ಮೇಲೆ ಹಲವು ಗಣರಾಜ್ಯಗಳು ಸೇರಿ ಕಟ್ಟಿದ ತಂಡದ ಜೊತೆ.

1977ರ ನವೆಂಬರ್ 1ರಂದು ಮಾಸ್ಕೋದಲ್ಲಿ ಅವರು ಕ್ಲೀನ್ ಅಂಡ್ ಜರ್ಕ್‌ನಲ್ಲಿ 256 ಕೆ.ಜಿ. ಎತ್ತಿದರು. ಅದೇ ಅವರ ಕೊನೆಯ ವಿಶ್ವದಾಖಲೆ. ಮರುವರ್ಷ ಗೆಟ್ಟಿಸ್‌ಬರ್ಗ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗಾಯಗೊಂಡು ಹಿಂದೆ ಸರಿದರು. ಮತ್ತೆ ಬಂದದ್ದು 1980ರಲ್ಲಿ, ತಮ್ಮದೇ ನೆಲದ ಮಾಸ್ಕೋ ಒಲಿಂಪಿಕ್ಸ್‌ಗೆ. ಸ್ನ್ಯಾಚ್‌ನಲ್ಲಿ 180 ಕೆ.ಜಿ.ಯಿಂದ ಶುರುಮಾಡಿದರು. ನಾಲ್ಕು ವರ್ಷದ ಹಿಂದೆ ಮಾಂಟ್ರಿಯಲ್‌ನಲ್ಲಿ 185 ಎತ್ತಿದ್ದ ತೋಳುಗಳು ಅವು. ಒಂದು, ಎರಡು, ಮೂರು ಸಲ ಪ್ರಯತ್ನಿಸಿದರು. ಮೂರೂ ವಿಫಲ. ಸ್ಪರ್ಧೆ ಅಲ್ಲಿಗೇ ಮುಗಿಯಿತು. ಚಿನ್ನ ಸುಲ್ತಾನ್ ರಖ್ಮನೋವ್ ಪಾಲಾಯಿತು.

1977ರಲ್ಲೇ ನಿಲ್ಲಿಸಿದ್ದರೆ ಚೆನ್ನಾಗಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶಕ್ತಿ ಹೇಳಿ ಹೋಗುವುದಿಲ್ಲ. ಅದು ಇದೆಯೋ ಇಲ್ಲವೋ ತಿಳಿಯಬೇಕಾದರೆ ಬಾರ್ ಮುಂದೆ ಹೋಗಿ ನಿಂತು, ಬಾಗಿ, ಹಿಡಿಯಲೇಬೇಕು. ಶಿಖರದಲ್ಲಿ ನಿಲ್ಲಿಸಿದವನ ಶಕ್ತಿಯೂ ಕರಗುತ್ತದೆ, ನೋಡುವವರಿರುವುದಿಲ್ಲ ಅಷ್ಟೆ. ಅಲೆಕ್ಸೆಯೆವ್ ತಮ್ಮ ಜನರೆದುರಲ್ಲೇ ಅದನ್ನು ಎದುರಿಸಿದರು. ಅದಕ್ಕೆ ಬೇಕಾದ ಧೈರ್ಯ 256 ಕೆ.ಜಿ. ಎತ್ತಲು ಬೇಕಾದುದಕ್ಕಿಂತ ಕಡಿಮೆಯದೆಂದು ನನಗೆ ಅನಿಸುವುದಿಲ್ಲ.

ಹೃದಯದ ಚಿಕಿತ್ಸೆಗೆಂದು ಜರ್ಮನಿಗೆ ಹೋಗಿದ್ದ ಅವರು 2011ರ ನವೆಂಬರ್ 25ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. ವಯಸ್ಸು 69. ಹತ್ತು ವರ್ಷದ ಬಳಿಕ ತಾಷ್ಕೆಂಟ್‌ನಲ್ಲಿ ಜಾರ್ಜಿಯಾದ ಲಾಶಾ ತಲಖಾದ್ಜೆ ಕ್ಲೀನ್ ಅಂಡ್ ಜರ್ಕ್‌ನಲ್ಲಿ 267 ಕೆ.ಜಿ. ಎತ್ತಿದರು. ಅಲೆಕ್ಸೆಯೆವ್ ಎತ್ತಿದ್ದ 256ನ್ನು ಹಿಂದಿಕ್ಕಿದ ಭಾರ ಅದು. ಆದರೂ ಅಲೆಕ್ಸೆಯೆವ್ ಬಗ್ಗೆ ಬರೆಯುವವರು ಚಿನ್ನಗಳ ಪಟ್ಟಿ ಕೊಟ್ಟು, ಮಾಸ್ಕೋದ ಆ ಮೂರು ಪ್ರಯತ್ನಗಳನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಅವನ್ನು ಬಿಟ್ಟು ಬರೆದ ಜೀವನಚರಿತ್ರೆ ಅರ್ಧದ್ದು.