ಮುಖದಾಕ್ಷಿಣ್ಯ

ಮೊಮ್ಮಗಳು ಇಂಗ್ಲಿಷ್ ಪಾಠಪುಸ್ತಕ ಹಿಡಿದು ಬಂದು, "ಅಜ್ಜ, ಸರ್ಫೇಸ್ ಅನ್ನೋದರೊಳಗೆ ಫೇಸ್ ಯಾಕಿದೆ? ಮೇಜಿಗೂ ಮುಖ ಇರುತ್ತದಾ?" ಎಂದು ಕೇಳಿದಳು. ಮಕ್ಕಳ ಪ್ರಶ್ನೆಗೆ ಕೂಡಲೇ ಉತ್ತರ ಹೇಳುವ ಧೈರ್ಯ ನಮಗಿಲ್ಲ. ನಿಘಂಟು ತೆಗೆದು ಕುಳಿತೆವು.

ನೋಡುತ್ತ ಹೋದಂತೆ ಆ ಭಾಷೆಯ ತುಂಬ ಮುಖಗಳೇ ಕಂಡವು. ಲ್ಯಾಟಿನ್ನಿನ ಒಂದು ಮಾತು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಫೇಸ್ ಆಯಿತು. 'ಸರ್' ಎಂದರೆ ಮೇಲೆ. ಮೇಲಿನ ಮುಖವೇ ಸರ್ಫೇಸ್. ಅದೇ ಅರ್ಥದ ಲ್ಯಾಟಿನ್ ಪದದಿಂದ ಸೂಪರ್‌ಫಿಷಿಯಲ್, ಅಂದರೆ ಆಳವಿಲ್ಲದ್ದು. ಕಟ್ಟಡದ ಎದುರು ಭಾಗ ಫಸಾಡ್, ಹರಳಿನ ಒಂದೊಂದು ಪುಟ್ಟ ಮುಖ ಫ್ಯಾಸೆಟ್, ಗೋಡೆಯ ಅಂದ ಕೆಡಿಸಿದರೆ ಡಿಫೇಸ್, ಒರೆಸಿ ಹಾಕಿದರೆ ಇಫೇಸ್. ಮನುಷ್ಯನನ್ನು ಸೂಚಿಸುವ ಪರ್ಸನ್ ಎಂಬ ಮಾತಂತೂ ನಟರ ಮುಖವಾಡಕ್ಕಿದ್ದ ಪರ್ಸೋನಾ ಎಂಬ ಲ್ಯಾಟಿನ್ ಹೆಸರಿನಿಂದ ಬಂದದ್ದು. ಪ್ರಿಫೇಸ್ ಮಾತ್ರ ನಮ್ಮನ್ನು ಮೋಸಗೊಳಿಸಿತು. ಅದರಲ್ಲಿ ಮುಖವಿದ್ದಂತೆ ಕಾಣುತ್ತದೆ, ಆದರೆ ಇಲ್ಲ. ಅದು 'ಮೊದಲು ಆಡುವ ಮಾತು' ಎಂಬ ಬೇರೊಂದು ಮೂಲದಿಂದ ಹುಟ್ಟಿದ್ದು. ನಮ್ಮ ಮುನ್ನುಡಿಯ ಅಣ್ಣನೋ ತಮ್ಮನೋ ಇರಬೇಕು.

ನಮ್ಮ ಕನ್ನಡ ವಸ್ತುಗಳ ಹೊರಭಾಗಕ್ಕೆ ಮುಖಕ್ಕಿಂತ ಮೈಯನ್ನೇ ಹೆಚ್ಚಾಗಿ ಕೊಟ್ಟಿದೆ: ಮೇಲ್ಮೈ, ಹೊರಮೈ, ಒಳಮೈ. ನೋಟಿನ ಮುಖಬೆಲೆ ಇಂಗ್ಲಿಷಿನವರಿಂದ ತಂದುಕೊಂಡದ್ದು. ಇನ್ನು ಸಂಸ್ಕೃತದ ಮುಖಕ್ಕೆ ಬಾಯಿ ಎಂಬ ಅರ್ಥವೂ ಉಂಟು. ಮುಖ್ಯ, ಪ್ರಮುಖ, ವಿಮುಖ ಎಲ್ಲವೂ ಅದರ ಸಂತಾನ. ನಾವಿರುವ ಈ ಕೊಚ್ಚಿಯ ಕಡೆ ಬಂದರಿಗೆ ತುರಮುಖಂ ಎನ್ನುತ್ತಾರೆ. ನೀರು ಸಮುದ್ರ ಸೇರುವ ಕಡೆಗೆ ಅಳಿಮುಖಂ.

ಆದರೆ ಹುಡುಕುತ್ತ ಹೋದ ನಮ್ಮನ್ನು ಹಿಡಿದು ನಿಲ್ಲಿಸಿದ ಮಾತು ಬೇರೆ. ಅದು ಮುಖದಾಕ್ಷಿಣ್ಯ. ಮಲಯಾಳದಲ್ಲೂ ಇದೆ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಒಂದು ಪದ ನಮಗೆ ಸಿಗಲಿಲ್ಲ. ಎದುರಿಗೆ ಒಂದು ಮುಖವಿದೆ ಎಂಬ ಒಂದೇ ಕಾರಣಕ್ಕೆ ಇಲ್ಲ ಎನ್ನಲಾರದೆ ಹೋಗುವುದು ಗುಣವೋ, ದೋಷವೋ?

ಗುಣವೆಂದು ಹೇಳಲು ನಮಗೆ ಋಣವಿದೆ. ತ್ರಿಪ್ಪುಣಿತ್ತುರಕ್ಕೆ ಬಂದ ಹೊಸದರಲ್ಲಿ, ಎರಡು ಟ್ರಂಕು, ಕೈಯಲ್ಲೊಂದು ಕೂಸು, ಬಾಯಲ್ಲಿ ನಾಲ್ಕು ಮಲಯಾಳದ ಮಾತೂ ಇಲ್ಲದೆ ನಿಂತಿದ್ದ ನಮಗೆ ಒಬ್ಬ ಅಮ್ಮ ಮನೆಯ ಎರಡು ಕೋಣೆ ಬಿಟ್ಟುಕೊಟ್ಟರು. ಬಾಡಿಗೆಗೆ ಕೊಡುವ ಮನಸ್ಸೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಕೂಸಿನ ಮುಖ ನೋಡಿ ಅವರಿಗೆ ಬೇಡವೆನ್ನಲು ಆಗಲಿಲ್ಲ. ಪರಊರಿನಲ್ಲಿ ಬದುಕು ಕಟ್ಟಿದ ನಮ್ಮಂಥವರೆಲ್ಲ ಇಂಥ ಯಾರದೋ ದಾಕ್ಷಿಣ್ಯದ ಮೇಲೆಯೇ ಮೊದಲ ರಾತ್ರಿ ಮಲಗಿದವರು.

ದೋಷವೆಂದು ಹೇಳಲೂ ನಮ್ಮದೇ ಕಥೆಯಿದೆ. ಹಲವು ವರ್ಷಗಳ ಹಿಂದೆ ಇಲ್ಲಿಯ ಕನ್ನಡದ ಮನೆಯೊಂದಕ್ಕೆ ಊರ ಕಡೆಯಿಂದ ಹೆಣ್ಣಿನ ತಂದೆ ಸಂಬಂಧ ವಿಚಾರಿಸಲು ಬಂದಿದ್ದರು. ನಮ್ಮನ್ನೂ ಕರೆದಿದ್ದರು. ಕಾಫಿ ಬಂತು. ತಂದೆ ನಮ್ಮ ಕಡೆ ತಿರುಗಿ, "ನೀವು ಹತ್ತಿರದಿಂದ ಕಂಡವರು, ಹುಡುಗನ ವಿಷಯ ಹೇಳಿ ಸ್ವಾಮಿ" ಎಂದರು. ಹುಡುಗನ ಕುಡಿತ ನಮಗೆ ಗೊತ್ತಿತ್ತು. ಬಾಗಿಲಲ್ಲಿ ಅವನ ತಾಯಿ ನಿಂತಿದ್ದರು. ನಮಗೆ ಎಷ್ಟೋ ಹಬ್ಬದಲ್ಲಿ ಊಟ ಬಡಿಸಿದ ಕೈ ಅವರದು. ಅವರ ಮುಖ ನೋಡಿದೆವು. "ಮನೆತನ ಬಹಳ ಒಳ್ಳೆಯದು" ಎಂದೆವು. ಹೇಳಿದ್ದು ಸುಳ್ಳಲ್ಲ, ಆದರೆ ಕೇಳಿದ್ದಕ್ಕೆ ಉತ್ತರವೂ ಅಲ್ಲ.

ಮೂರನೆಯ ವರ್ಷ ಆ ಹುಡುಗಿ ತವರಿಗೆ ಮರಳಿದಳು. ಮುಂದೊಂದು ಮದುವೆಯಲ್ಲಿ ಆ ತಂದೆ ಸಿಕ್ಕರು. ಒಂದು ಮಾತೂ ಆಡಿಕೊಳ್ಳದೆ, ಮುಖ ಕೊಟ್ಟೇ ಮಾತಾಡಿದರು. ನಮಗೆ ಮುಖ ಎತ್ತಲಾಗಲಿಲ್ಲ.

ಈ ಊರು ವೇಷಕ್ಕೆ ಹೆಸರಾದದ್ದು. ಇಲ್ಲಿಯ ಓಣಂ ಮೆರವಣಿಗೆಯ ಹೆಸರೇ ಅತ್ತಚ್ಚಮಯಂ, ಚಮಯವೆಂದರೆ ಅಲಂಕಾರ. ಆರ್.ಎಲ್.ವಿ. ಕಾಲೇಜಿನಲ್ಲಿ ಕಥಕಳಿ ಕಲಿಸುತ್ತಾರೆ. ನಟ ಕಣ್ಣು ಮುಚ್ಚಿ ಅಂಗಾತ ಮಲಗಿರುತ್ತಾನೆ. ಮತ್ತೊಬ್ಬ ಅವನ ದವಡೆಯಂಚಿಗೆ ಗಂಟೆಗಟ್ಟಲೆ ಚುಟ್ಟಿ ಕೂರಿಸುತ್ತಾನೆ. ಹಸಿರು ಬಳಿದರೆ ನಳ, ಧರ್ಮರಾಯ. ಹಸಿರಿನಲ್ಲಿ ಕೆಂಪು ಕತ್ತಿ ಬರೆದರೆ ರಾವಣ. ನಮ್ಮ ಯಕ್ಷಗಾನದ ಬಣ್ಣದ ವೇಷದವರು ಚೌಕಿಯಲ್ಲಿ ಚಿಟ್ಟಿ ಇಡುವುದನ್ನು ಕಂಡವರಿಗೆ ಇದು ಹೊಸದಲ್ಲ. ಇಷ್ಟು ಬಣ್ಣವಿದ್ದರೂ ಅಲ್ಲಿ ಯಾರಿಗೂ ಮೋಸವಿಲ್ಲ, ಬಣ್ಣವೆಂದು ಎಲ್ಲರಿಗೂ ಗೊತ್ತು. ಅಂದು ನಾವು ಬಳಿದ ಬಣ್ಣ ಆ ತಂದೆಗೆ ಗೊತ್ತಿರಲಿಲ್ಲ. ವೇಷಕ್ಕೂ ಸುಳ್ಳಿಗೂ ಇರುವ ಅಂತರ ಇಷ್ಟೇ ಎಂದು ನಮಗೆ ತೋರುತ್ತದೆ.

ಹಾಗಾದರೆ ದಾಕ್ಷಿಣ್ಯವನ್ನೇ ಬಿಡಬೇಕೆ? ಇಲ್ಲಿಯ ಪತ್ರಿಕೆಗಳು ತಪ್ಪಿತಸ್ಥರ ಮೇಲೆ 'ಮುಖಂ ನೋಕ್ಕಾದೆ' ಕ್ರಮ ಎಂದು ಬರೆಯುತ್ತವೆ. ನ್ಯಾಯಾಧೀಶರಿಗೆ ಅದು ಸರಿ. ಆದರೆ ಯಾರ ಮುಖವನ್ನೂ ನೋಡದವನಿಗೆ ಬಾಗಿಲಲ್ಲಿ ನಿಂತ ಕೂಸೂ ಕಾಣುವುದಿಲ್ಲ. ಅಂದು ನಮ್ಮ ತಪ್ಪು ಮುಖ ನೋಡಿದ್ದಲ್ಲ, ಒಂದೇ ಮುಖ ನೋಡಿದ್ದು. ಕಾಫಿ ತಂದ ತಾಯಿ ಕಂಡರು. ನೂರಾರು ಮೈಲಿ ಆಚೆ ಇದ್ದ ಹುಡುಗಿ ಕಾಣಲಿಲ್ಲ. ಎದುರಿಗಿಲ್ಲದ ಮುಖಕ್ಕೂ ದಾಕ್ಷಿಣ್ಯ ಸಲ್ಲಬೇಕೆಂಬುದು ನಮಗೆ ಹೊಳೆಯಲಿಲ್ಲ.

ಹೋದ ವರ್ಷ ಬೇರೊಂದು ಸಂಬಂಧಕ್ಕೆ ಮತ್ತೆ ಅದೇ ಪ್ರಶ್ನೆ ಬಂತು. ಕೇಳಿದವರನ್ನು ಪೂರ್ಣತ್ರಯೀಶ ದೇವಸ್ಥಾನದವರೆಗೆ ನಡೆಸಿಕೊಂಡು ಹೋಗಿ, ಕಣ್ಣಾರೆ ಕಂಡದ್ದಿಷ್ಟನ್ನೇ ಹೇಳಿದೆವು. ಹೀಗೆ ಹೇಳಿದ್ದೇವೆಂದು ಹುಡುಗನ ಮನೆಗೂ ಹೋಗಿ ತಿಳಿಸಿದೆವು, ಬೆನ್ನ ಹಿಂದಿನ ಮಾತಾಗಬಾರದೆಂದು. ಸಂಬಂಧ ಕೂಡಲಿಲ್ಲ. ಆ ಮನೆಯವರು ಈಗ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ. ನಮಗೆ ನೋವಿದೆ. ನಾವಿಲ್ಲಿ ಎಷ್ಟು ಮನೆ ಕನ್ನಡದವರು, ಅದರಲ್ಲಿ ಒಂದು ಕಡಿಮೆಯಾಯಿತು. ಮೊದಲ ನೋವಿಗಿಂತ ಇದು ಹಗುರ ಎಂದಷ್ಟೇ ಹೇಳಬಲ್ಲೆವು. ನಮ್ಮ ಸ್ಥಳದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ವಾಚಕರು ಬರೆದರೆ ಓದಲು ಕಾದಿದ್ದೇವೆ.

ಮೊಮ್ಮಗಳಿಗೆ ಮಾತ್ರ ಸುಲಭದ ಉತ್ತರ ಕೊಟ್ಟೆವು: "ಮೇಜಿಗೆ ಮೈ ಇದೆ ಮಗಳೇ, ಮುಖವಿಲ್ಲ. ಅದಕ್ಕೆ ಯಾರಿಗೂ ಉತ್ತರ ಹೇಳಬೇಕಾದ್ದಿಲ್ಲವಲ್ಲ."